ನೂರಾರು ಸೋರ್ಸ್ ಫೈಲುಗಳಿಗೆ ಲೈಸೆನ್ಸ್ ಹೆಡರನ್ನು ಒಂದೇ ಸಲ ಸೇರಿಸುವುದು ಹೇಗೆ?
ಹಕ್ಕುದಾರರು ಯಾರು, ಲೈಸೆನ್ಸ್ ಯಾವುದು ಎಂದು ಫೈಲಿನ ಮೇಲ್ಭಾಗದಲ್ಲಿ ಹೇಳುವ ಈ ಟಿಪ್ಪಣಿಯನ್ನು ಒಂದೊಂದೇ ಫೈಲ್ ತೆರೆದು ಅಂಟಿಸುತ್ತ ಕೂರಬೇಡಿ. ಗೋ ಭಾಷೆಯಲ್ಲಿ ಬರೆದಿರುವ, ಗೂಗಲ್‌ನ ‘ಆ್ಯಡ್‌ಲೈಸೆನ್ಸ್’ ಎಂಬ ಕಮಾಂಡ್ ಲೈನ್ ಸಾಧನ ಈ ಕೆಲಸಕ್ಕೆಂದೇ ಇದೆ. ‘ಸಿ’ (-c) ಆಯ್ಕೆಗೆ ಹಕ್ಕುದಾರರ ಹೆಸರು, ‘ಎಲ್’ (-l) ಆಯ್ಕೆಗೆ ಲೈಸೆನ್ಸ್ ಕೊಟ್ಟು ಫೋಲ್ಡರ್ ತೋರಿಸಿದರೆ ಸಾಕು, ಒಳಗಿನದನ್ನೆಲ್ಲ ಹೊಕ್ಕು ಬರುತ್ತದೆ. ಲೈಸೆನ್ಸ್ ಹೇಳದಿದ್ದರೆ ಅಪಾಚೆ 2.0 ಎಂಬ ಮುಕ್ತ ಲೈಸೆನ್ಸ್ ಎಂದೇ ಹಿಡಿಯುತ್ತದೆ.

ಹೆಡರನ್ನು ಆಯಾ ಭಾಷೆಯ ಕಾಮೆಂಟ್ ರೂಪದಲ್ಲೇ ಬರೆಯುತ್ತದೆ: ಪೈಥಾನ್‌ಗೆ ಹ್ಯಾಶ್ (#), ಎಚ್‌ಟಿಎಂಎಲ್‌ಗೆ ಅದರದೇ ಕಾಮೆಂಟ್ ಗುರುತು. ಶೆಲ್ ಸ್ಕ್ರಿಪ್ಟಿನ ಶಿಬ್ಯಾಂಗ್ ಸಾಲನ್ನು (ಸ್ಕ್ರಿಪ್ಟನ್ನು ಯಾವ ಪ್ರೋಗ್ರಾಂ ನಡೆಸಬೇಕೆಂದು ಹೇಳುವ, #! ಗುರುತಿನ ಮೊದಲ ಸಾಲು) ಮೇಲೆಯೇ ಉಳಿಸಿ, ಅದರ ಕೆಳಗೆ ಬರೆಯುತ್ತದೆ. ಈ ಎಚ್ಚರ ನನಗೆ ಬಹಳ ಹಿಡಿಸಿತು. ಆದರೆ ಫೈಲಿನ ಆರಂಭದಲ್ಲಿ ‘ಕಾಪಿರೈಟ್’ ಪದ ಕಂಡರೆ ಹಾಗೆಯೇ ಮುಂದೆ ಹೋಗುತ್ತದೆ, ಹಳೆಯ ಇಸವಿಯನ್ನು ತಿದ್ದುವುದಿಲ್ಲ.

ಫೈಲುಗಳನ್ನೇ ನೇರವಾಗಿ ಬದಲಿಸುವ ಕಾರಣ, ಮೊದಲು ಗಿಟ್‌ನಲ್ಲಿ ಕಮಿಟ್ ಮಾಡಿಕೊಳ್ಳಿ, ಅಂದರೆ ಈಗಿನ ಸ್ಥಿತಿಯನ್ನು ದಾಖಲಿಸಿಟ್ಟುಕೊಳ್ಳಿ. ‘ಚೆಕ್’ (-check) ಆಯ್ಕೆ ಕೊಟ್ಟರೆ ಏನನ್ನೂ ಬರೆಯದೆ, ಹೆಡರ್ ಇಲ್ಲದ ಫೈಲುಗಳನ್ನು ತೋರಿಸುತ್ತದೆ.