ರ್ಯಾಕಿನ ಚೀಟಿ ಒಂದು, ಬಿಲ್ಲು ಇನ್ನೊಂದು

ಅಣ್ಣಾರ, ಗಂಗಾವತಿ ಅಂಗಡ್ಯಾಗ ಎಣ್ಣಿ ಪಾಕೀಟಿಗೆ ರ್ಯಾಕಿನ ಚೀಟಿ ₹140, ಬಿಲ್ಲು ₹152, ಎಂಆರ್‌ಪಿ ₹160, ಏನ್ ಮಾಡ್ಲಿ ಅಂತ ಕೇಳೀರಿ. ಬಳ್ಳಾರ್ಯಾಗ ಆರು ವರ್ಷ ಕೌಂಟರ್‌ನಾಗ ಕುಂತಾಕಿ ನಾನು, ಇದನ್ನ ಭಾಳ ಸಲ ನೋಡೀನಿ. ಆಫರ್ ಮುಗಿದ ಮರುದಿನ ಕಂಪ್ಯೂಟರ್‌ನಾಗ ರೇಟು ಬದಲಾಗ್ತೈತಿ, ಚೀಟಿ ಕೀಳೋದು ಮರೀತಾರ. ತಪ್ಪು ಅಂಗಡೀದೇ, ₹140ಕ್ಕೇ ಕೊಡ್ರಿ ಅಂತ ಕೇಳ್ರಿ. ಮೊದಲು ಚೀಟಿ ಫೋಟೋ ತಗೊಂಡು ಮ್ಯಾನೇಜರ್‌ನ ಕರೆಸ್ರಿ. ಬಿಲ್ ಮಾಡೋ ಹುಡುಗಿಗೆ ರೇಟು ತಿದ್ದೋ ಅಧಿಕಾರ ಇರಂಗಿಲ್ಲ, ದಯಮಾಡಿ ಆಕಿ ಮ್ಯಾಲೆ ಒದರಬ್ಯಾಡ್ರಿ. ಅಂಥಾ ಜಗಳದ ರೊಕ್ಕ ನನ್ನ ಪಗಾರದಾಗ ಮುರಕೊಂಡದ್ದೂ ಐತಿ.

ಎಂಆರ್‌ಪಿ ಮೀರಿ ತಗೊಂಡಿದ್ರ ಮಾತೇ ಬ್ಯಾರೆ. 2011ರ ಪೊಟ್ಟಣ ಸರಕಿನ ನಿಯಮದಾಗ ಅದಕ್ಕ ಅವಕಾಶನೇ ಇಲ್ಲ. ಬಿಲ್ಲು, ಪಾಕೀಟು ಎರಡೂ ಇಟ್ಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಹಚ್ಚರಿ, ಕನ್ನಡದಾಗೂ ದೂರು ತಗೋತಾರ.