ರಾಯಣ್ಣನ ಮರಕ್ಕೆ ತೊಟ್ಟಿಲು ಕಟ್ಟಬಹುದಾ?

ಪ್ರಶ್ನೆ: ಮಗನಿಗೆ ಮದುವೆಯಾಗಿ ಆರು ವರ್ಷ ಆಯ್ತು, ಇನ್ನೂ ಮಕ್ಕಳಾಗಿಲ್ಲ. ನಂದಗಡಕ್ಕೆ ಹೋಗಿ ಸಂಗೊಳ್ಳಿ ರಾಯಣ್ಣನ ಆಲದ ಮರಕ್ಕೆ ತೊಟ್ಟಿಲು ಕಟ್ಟಿ ಬರೋಣ ಅಂತ ಬೀಗರು ಹೇಳುತ್ತಿದ್ದಾರೆ. ನೇಣು ಹಾಕಿದ ಊರಲ್ಲಿ ಸಂತಾನದ ಹರಕೆಯಾ ಅಂತ ನನಗೆ ಅಳುಕು. ನಮ್ಮೂರ ಸರ್ಕಲ್ಲಿನಲ್ಲೇ ರಾಯಣ್ಣನ ಪ್ರತಿಮೆ ಇದೆ. ಅಲ್ಲೇ ಒಂದು ಹಾರ ಹಾಕಿದರೆ ಸಾಲದಾ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಅಳುಕು ಬಿಡಿ ಅಮ್ಮ. ಕಿತ್ತೂರು ಬ್ರಿಟಿಷರ ಕೈ ಸೇರಿದ ಮೇಲೂ ಸುಮ್ನೆ ಕೂರದೆ, ಊರೂರಿನ ರೈತರನ್ನು ಕೂಡಿಸಿಕೊಂಡು ಅವರ ಕಚೇರಿಗಳಿಗೆ ಬೆಂಕಿ ಇಟ್ಟವನು ರಾಯಣ್ಣ. ಕೊನೆಗೆ ನಮ್ಮವರೇ ಕೆಲವರು ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಜನ ಹೆದರಲಿ ಅಂತ ಮಾಡಿದ ಕೆಲಸ ಅದು. ಅದೇ ಊರಿಗೆ ಈಗ ಹೆಂಗಸರು ಅಂಥ ಮಗ ಹುಟ್ಟಲಿ ಅಂತ ಪುಟ್ಟ ತೊಟ್ಟಿಲು ಹಿಡಿದು ಬರುತ್ತಾರೆ, ಇದು ಅಪಶಕುನ ಹೇಗಾದೀತು ಹೇಳಿ?

ಸಮಾಧಿಯ ಮೇಲೆ ಆಲದ ಸಸಿ ನೆಟ್ಟವನು ಅವನ ಜೊತೆಗಾರ ಬಿಚ್ಚುಗತ್ತಿ ಚನ್ನಬಸಪ್ಪ ಅಂತ ಆ ಕಡೆಯ ಹಿರಿಯರು ಹೇಳುತ್ತಾ ಬಂದಿದ್ದಾರೆ. ರಾಯಣ್ಣನ ಊರು ಸಂಗೊಳ್ಳಿಯಲ್ಲಿ ಒಂದು ಚಿಕ್ಕ ಗುಡಿ ಇದೆ. ಒಳಗೆ ರಾಯಣ್ಣನ ಮೂರ್ತಿ, ಅದರ ಎರಡೂ ಬದಿಗೆ ಕಸರತ್ತಿನ ಮರದ ಗುಂಡುಗಳು. ಒಂದು ಅವನೇ ಎತ್ತುತ್ತಿದ್ದದ್ದು ಅಂತ ನಂಬಿಕೆ. ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26 ಅನ್ನೋದನ್ನು ಆ ಭಾಗದಲ್ಲಿ ಚಿಕ್ಕ ಮಕ್ಕಳೂ ಹೇಳುತ್ತವೆ. ಆ ಎರಡು ದಿನ ಬಾವುಟ ಹಾರುವಾಗ ನನಗೂ ಅವನೇ ನೆನಪಾಗುತ್ತಾನೆ.

ಸರ್ಕಲ್ಲಿನ ಪ್ರತಿಮೆಗೂ ಹಾರ ಹಾಕಿ, ಬೇಡ ಅನ್ನಲ್ಲ. ಆದರೆ ಗಾಡಿಗಳ ಗದ್ದಲದಲ್ಲಿ, ಅಷ್ಟೆತ್ತರದ ಕಟ್ಟೆಯ ಮೇಲೆ ಕತ್ತಿ ಹಿಡಿದು ನಿಂತವನ ಹತ್ತಿರ ಮನೆಯ ಕಷ್ಟ ಹೇಳಿಕೊಳ್ಳೋಕಾಗಲ್ಲ ಅಲ್ವಾ? ಸಮಾಧಿ ಮುಂದೆ ಕೂತು ಅತ್ತುಬಿಡಬಹುದು.

ಹಾಗಂತ ಮರವೇ ಮಗು ಕೊಡುತ್ತದೆ ಅಂತ ನಾನು ಹೇಳಲಾರೆ. ಹೋಗುವ ಮೊದಲು ಗಂಡ ಹೆಂಡತಿ ಇಬ್ಬರಿಗೂ ವೈದ್ಯರ ಹತ್ತಿರ ಪರೀಕ್ಷೆ ಮಾಡಿಸಿ, ಬರೀ ಸೊಸೆಗಲ್ಲ. ತೊಟ್ಟಿಲು ಕಟ್ಟೋಕೆ ಆಕೆಗೆ ಮನಸ್ಸಿದೆಯಾ ಅಂತಲೂ ಕೇಳಿ. ಇದ್ದರೆ ಎಲ್ಲರೂ ಒಟ್ಟಿಗೆ ಹೋಗಿ. ವಾಪಸ್ ಬರುವಾಗ ಬೈಲಹೊಂಗಲದಲ್ಲಿ ಇಳಿಯಿರಿ, ಚೆನ್ನಮ್ಮನ ಸಮಾಧಿ ಇರುವುದು ಅಲ್ಲೇ.