ಬದುವಿನ ಜಗಳ, ಠಾಣೆಯ ಬೆಂಚು

ಓದುಗರೊಬ್ಬರು ಬರೆದಿದ್ದಾರೆ: ನಮ್ಮಪ್ಪ ಬದು ಒತ್ತಿದ್ದಾರೆಂದು ಪಕ್ಕದ ಹೊಲದವರು ಠಾಣೆಗೆ ಅರ್ಜಿ ಕೊಟ್ಟರು. ಮರುದಿನ ಫೋನ್ ಬಂತು. ಬೆಳಿಗ್ಗೆ ಹತ್ತಕ್ಕೆ ಹೋದ ಅಪ್ಪ, 67 ವರ್ಷದವರು, ಸಂಜೆ ಏಳರವರೆಗೆ ಬೆಂಚಿನ ಮೇಲೆ ಕೂತಿದ್ದರು. ಮಧ್ಯಾಹ್ನದ ಸಕ್ಕರೆ ಕಾಯಿಲೆ ಮಾತ್ರೆಯೂ ತಪ್ಪಿತು. ಕೊನೆಗೆ ಮುಚ್ಚಳಿಕೆಗೆ ಸಹಿ ಹಾಕಿಸಿಕೊಂಡು ಕಳಿಸಿದರು. ಪೊಲೀಸರಿಗೆ ನೀತಿ, ನಿಯಮ ಅಂತ ಏನಾದರೂ ಇದೆಯೇ? ಇದರ ಬಗ್ಗೆ ಒಂದು ಪತ್ರ ಬರೆದು ಏನಾಗುತ್ತದೆ?

ಸಂಪಾದಕರ ಉತ್ತರ: ಇದೆ. ಬರಹದಲ್ಲೇ ಇದೆ. ಕೇಂದ್ರ ಗೃಹ ಸಚಿವಾಲಯ 1985ರಲ್ಲಿ ಎಲ್ಲ ರಾಜ್ಯಗಳಿಗೂ ಪೊಲೀಸ್ ನೀತಿ ಸಂಹಿತೆಯೊಂದನ್ನು ಕಳಿಸಿತು. ತಮ್ಮ ಅಧಿಕಾರದ ಮಿತಿ ಅರಿತಿರಬೇಕು, ನ್ಯಾಯಾಲಯದ ಕೆಲಸಕ್ಕೆ ಕೈ ಹಾಕಬಾರದು ಎಂಬುದು ಅದರಲ್ಲಿದೆ. ಬದು ಯಾರದೆಂದು ತೀರ್ಮಾನಿಸುವುದು ಠಾಣೆಯ ಕೆಲಸವಲ್ಲ. ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಸರ್ವೆಯರ್ ಬಂದು ಅಳೆಯುತ್ತಾರೆ. ಅದಕ್ಕೂ ಒಪ್ಪದವರಿಗೆ ಸಿವಿಲ್ ಕೋರ್ಟಿದೆ. ಹೊಡೆದಾಟ ಆಗಿದ್ದರೆ ಮಾತು ಬೇರೆ, ಆದರೆ ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ.

ಇನ್ನು ಆ ಫೋನ್. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನ ಪ್ರಕಾರ, ತನಿಖೆ ನಡೆಯುತ್ತಿರುವಾಗ ವಿಷಯ ಗೊತ್ತಿರುವವರನ್ನು ಕರೆಯುವುದಾದರೂ ಲಿಖಿತ ಆದೇಶ ಬೇಕು. ಅದರಲ್ಲೂ 60 ದಾಟಿದ ಗಂಡಸರನ್ನು, ಹೆಂಗಸರನ್ನು, 15ರೊಳಗಿನ ಹುಡುಗರನ್ನು ಠಾಣೆಗೆ ಬನ್ನಿ ಎನ್ನುವಂತಿಲ್ಲ. ಪೊಲೀಸರೇ ಅವರ ಮನೆಗೆ ಹೋಗಿ ಕೇಳಬೇಕು. ತಾವಾಗಿ ಬರಲು ಒಪ್ಪಿದರೆ ಮಾತ್ರ ಠಾಣೆ. ಎಫ್‌ಐಆರೇ ಇಲ್ಲದ ಅರ್ಜಿಗೆ ಒಂಬತ್ತು ಗಂಟೆ ಕೂರಿಸುವುದಕ್ಕೆ ಯಾವ ಕಲಮೂ ಇಲ್ಲ. ಮುಚ್ಚಳಿಕೆಯ ವಿಷಯವೂ ಅಷ್ಟೇ. ಶಾಂತಿಭಂಗದ ಭಯವಿದ್ದರೆ ಹಳ್ಳಿ ಕಡೆ ಅದನ್ನು ಬರೆಸಿಕೊಳ್ಳಬೇಕಾದವರು ತಾಲ್ಲೂಕು ದಂಡಾಧಿಕಾರಿ, ಅಂದರೆ ತಹಶೀಲ್ದಾರರು. ಅದೂ ನೋಟಿಸ್ ಕೊಟ್ಟು, ವಿಚಾರಿಸಿದ ಮೇಲೆ.

ಒಂದು ಪತ್ರ ಬರೆದು ಏನಾಗುತ್ತದೆ ಎಂದೂ ಕೇಳಿದ್ದೀರಿ. 1986ರಲ್ಲಿ ಪಶ್ಚಿಮ ಬಂಗಾಳದ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಸುದ್ದಿ ಓದಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಕೋರ್ಟು ಅದನ್ನೇ ರಿಟ್ ಅರ್ಜಿಯೆಂದು ತೆಗೆದುಕೊಂಡಿತು. ಹತ್ತು ವರ್ಷ ಹಿಡಿಯಿತು, ನಿಜ. ಆದರೆ ಬಂಧಿಸುವವರ ಎದೆಯ ಮೇಲೆ ಹೆಸರಿನ ಪಟ್ಟಿ ಕಾಣಬೇಕು, ಸಾಕ್ಷಿಯ ಸಹಿಯಿರುವ ಬಂಧನ ಪತ್ರ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, ವಶದಲ್ಲಿರುವವರನ್ನು 48 ಗಂಟೆಗೊಮ್ಮೆ ವೈದ್ಯರಿಗೆ ತೋರಿಸಬೇಕು ಎಂಬಂಥ 11 ಸೂಚನೆಗಳು 1996ರ ಡಿಸೆಂಬರಿನಲ್ಲಿ ಬಂದದ್ದು ಆ ಪತ್ರದಿಂದ.

ಠಾಣೆಯವರ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ರಾತ್ರಿ ಗಸ್ತು ಮುಗಿಸಿ ಬಂದವರೇ ಬೆಳಿಗ್ಗೆ ಬಂದೋಬಸ್ತಿಗೆ ಹೋಗುತ್ತಾರೆ. ಊರಿನ ದೊಡ್ಡವರ ಫೋನ್ ಬೇರೆ. ಆದರೂ ಒಬ್ಬ ವೃದ್ಧರಿಗೆ ಊಟ, ಮಾತ್ರೆ ಆಯಿತೇ ಎಂದು ಕೇಳುವುದಕ್ಕೆ ಸಿಬ್ಬಂದಿಯ ಕೊರತೆ ಅಡ್ಡ ಬರುವುದಿಲ್ಲ. ನನಗೆ ಹೆಚ್ಚು ನೋವಾದದ್ದು ಅದೇ.

ಈಗ ತಡಮಾಡಬೇಡಿ. ಫೋನ್ ಬಂದ ನಂಬರು, ಹೋದ ಹೊತ್ತು, ಬಂದ ಹೊತ್ತು, ಮಾತಾಡಿದವರ ಹೆಸರು ಇವನ್ನು ಅಪ್ಪನವರಿಗೆ ನೆನಪಿರುವಾಗಲೇ ಬರೆದಿಡಿ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆ ದಿನದ ಸಿಸಿಟಿವಿ ದೃಶ್ಯ ಕಾಯ್ದಿಡಬೇಕೆಂದು ಅದರಲ್ಲೇ ಕೇಳಿ. ಠಾಣೆಗಳ ಸಿಸಿಟಿವಿ ದೃಶ್ಯವನ್ನು ಕನಿಷ್ಠ ಒಂದು ವರ್ಷವಾದರೂ ಇಟ್ಟಿರಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಲ್ಲಿ ಕಿವಿಗೊಡದಿದ್ದರೆ ಪೊಲೀಸ್ ದೂರು ಪ್ರಾಧಿಕಾರ, ರಾಜ್ಯ ಮಾನವ ಹಕ್ಕುಗಳ ಆಯೋಗ ಇವೆ. ಮುಚ್ಚಳಿಕೆಯ ನಕಲು ಕೊಟ್ಟಿದ್ದರೆ ನಮಗೂ ಒಂದು ಪ್ರತಿ ಕಳಿಸಿ.